ಮುಖವೆಂಬ ಓಲೆ

ಮೈಸೂರಿನಿಂದ ನಂಜನಗೂಡಿಗೆ ಹೊರಟ ಬಸ್ಸು ಮಂಡಕಳ್ಳಿಯಲ್ಲಿ ನಿಂತಾಗ ಅಲ್ಲಿ ಕ್ಷಣಾರ್ಧದಲ್ಲಿ ನಡೆದುಹೋಗುವ ಸಂಭಾಷಣೆ ಯಾರ ಕಿವಿಗೂ ಬೀಳುವುದಿಲ್ಲ. ಕಂಡಕ್ಟರು ಹುಬ್ಬೇರಿಸುತ್ತಾನೆ, ಎಲ್ಲಿಗೆ ಎಂದು ಕೇಳಿದಂತಾಯಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕಿಟಕಿಯ ಬದಿಗೆ ಕುಳಿತ ಹುಡುಗನತ್ತ ಒಮ್ಮೆ ನೋಡುತ್ತಾಳೆ. ಹುಡುಗ ಎದ್ದು ಜಾಗ ಬಿಡುತ್ತಾನೆ. ಕಾಲು ತುಳಿದವನು ತುಟಿಯ ಕೊನೆಯಲ್ಲಿ ಅಷ್ಟು ನಗೆ ತಂದುಕೊಳ್ಳುತ್ತಾನೆ. ತುಳಿಸಿಕೊಂಡವನ ಸಿಟ್ಟು ಅಲ್ಲಿಗೇ ಇಳಿದುಹೋಗುತ್ತದೆ. ಹತ್ತಿರದ ವಿಮಾನ ನಿಲ್ದಾಣದಿಂದ ಹೊರಬಂದು, ಕನ್ನಡದ ಒಂದು ಮಾತನ್ನೂ ಅರಿಯದೆ ನಿಂತ ಪರದೇಶಿಗನಿಗೂ ಆಟೋದವನ ಮುಖ ನೋಡಿದೊಡನೆ ಬಾಡಿಗೆ ಒಪ್ಪಿತವೇ ಅಲ್ಲವೇ ಎಂಬುದು ತಿಳಿದುಬಿಡುತ್ತದೆ.

ಈ ಲಿಪಿಯನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಅಕ್ಷರಾಭ್ಯಾಸಕ್ಕೆ ಎಷ್ಟೋ ವರ್ಷ ಮೊದಲೇ, ತೊಡೆಯ ಮೇಲೆ ಮಲಗಿದ ಕೂಸು ತಾಯಿಯ ಮುಖವನ್ನು ಓದತೊಡಗುತ್ತದೆ. ಹೀಗೆ ಬಂದ ವಿದ್ಯೆಯಾದುದರಿಂದ ಅದನ್ನು ವಿದ್ಯೆಯೆಂದೇ ಯಾರೂ ಎಣಿಸುವುದಿಲ್ಲ. ಕಣ್ಣಿದ್ದವನು ಕಾಣುವಂತೆ, ಮನುಷ್ಯನಾದವನು ಮನುಷ್ಯನ ಮುಖವನ್ನು ಅರಿಯುತ್ತಾನೆ ಎಂಬುದು ಎಲ್ಲರ ನಂಬಿಕೆ. ಆದರೆ ಕೆಲವರ ಬಾಳಿನಲ್ಲಿ, ಅದೂ ತುಂಬು ಪ್ರಾಯದಲ್ಲಿ, ಈ ಲಿಪಿ ಮಸಕಾಗಿಬಿಡುವುದುಂಟು. ಆಗ ನಗೆ ಹೀಯಾಳಿಕೆಯಾಗಿ ಕಾಣುತ್ತದೆ. ಆಯಾಸ ಕೋಪವಾಗಿ ಕಾಣುತ್ತದೆ. ಸುಮ್ಮನೆ ಇದ್ದವನ ಮೌನ ಒಳಸಂಚಾಗಿ ಕಾಣುತ್ತದೆ.

ಮಂಡಕಳ್ಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅದು ಇಂಥವರ ಮನೆಯೆಂದು ಬೆರಳಿಟ್ಟು ತೋರಿಸಬೇಕಾಗಿಲ್ಲ. ಅಂಥ ಮನೆ ಯಾವ ಊರಿನಲ್ಲಿಯೂ ಇರಬಹುದು. ತಾಯಿ ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವವಳು. ಮಗನಿಗೆ ಈಗ ಇಪ್ಪತ್ತಾರು. ಕಾಲೇಜಿನ ಕೊನೆಯ ವರ್ಷದಲ್ಲಿ ಅವನಿಗೆ ಯಾರೂ ಇಲ್ಲದೆಡೆಯಲ್ಲಿ ಧ್ವನಿಗಳು ಕೇಳಿಸತೊಡಗಿದವು. ನೆರೆಹೊರೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಶಂಕೆ ಬಲಿಯಿತು. ಕೆಲವು ತಿಂಗಳು ಹರಕೆ, ತಾಯಿತಗಳಲ್ಲಿ ಕಳೆದು, ಕಡೆಗೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದದ್ದಾಯಿತು. ಔಷಧ ಫಲಿಸಿತು, ಧ್ವನಿಗಳು ಅಡಗಿದವು, ನಿದ್ರೆ ಮರಳಿತು. ಮೂರು ವರ್ಷ ಮಾತ್ರೆಯನ್ನು ತಪ್ಪದೆ ನುಂಗಿದ ಹುಡುಗ ನಂಜನಗೂಡು ರಸ್ತೆಯ ಒಂದು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ತಾಯಿ ಊರ ದೇವರಿಗೆ ಹಣ್ಣುಕಾಯಿ ಮಾಡಿಸಿ ಬಂದಳು.

ಒಂಬತ್ತನೆಯ ದಿನ ನಡುಮಧ್ಯಾಹ್ನಕ್ಕೇ ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

"ಯಾಕೆ ಮಗ, ಯಾರು ಏನಂದರು?"

"ಯಾರೂ ಏನೂ ಅನ್ನಲಿಲ್ಲ ಕಣವ್ವ. ಯಜಮಾನರು ಬೆಳಗಿನಿಂದ ನನ್ನ ಮೇಲೆ ಸಿಟ್ಟಾಗಿದ್ದರು. ಸಾಮಾನಿಗೆ ಬಂದ ಇಬ್ಬರು ನನ್ನನ್ನು ನೋಡಿಯೇ ನಕ್ಕರು. ನಾನು ಇನ್ನು ಅಲ್ಲಿಗೆ ಹೋಗುವುದಿಲ್ಲ."

ಯಜಮಾನನಿಗೆ ಅಂದು ಮಂಡಿನೋವು. ನಕ್ಕ ಇಬ್ಬರು ತಮ್ಮೊಳಗಿನ ಯಾವುದೋ ಮಾತಿಗೆ ನಕ್ಕಿದ್ದರು. ತಾಯಿಗೆ ಇದು ತಿಳಿದದ್ದು ಮರುದಿನ ಅಂಗಡಿಗೆ ಹೋಗಿ ವಿಚಾರಿಸಿದ ಮೇಲೆ. ಆದರೆ ಆ ಇರುಳು ಅವಳ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಒಂದೇ: ರೋಗ ಮರಳಿ ಬಂತೇ? ಔಷಧ ಸೋತಿತೇ?

ಔಷಧ ಸೋತಿರಲಿಲ್ಲ. ಔಷಧದ ಕೈಗೆ ಎಟುಕದ ಇನ್ನೊಂದು ಕೊರತೆ ಅವನಲ್ಲಿ ಉಳಿದಿತ್ತು. ಆ ಕೊರತೆಯನ್ನು ಪಾಠ ಹೇಳಿ ತಿದ್ದಬಹುದೇ ಎಂಬುದೇ ಕಳೆದ ಕೆಲವು ದಶಕಗಳಿಂದ ಮನೋವೈದ್ಯರು ನಡೆಸುತ್ತಿರುವ ವಿಚಾರ.

ಈ ರೋಗಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಇಟ್ಟವನು ಸ್ವಿಟ್ಜರ್ಲೆಂಡಿನ ವೈದ್ಯ ಆಯ್ಗನ್ ಬ್ಲಾಯ್ಲರ್. ಗ್ರೀಕ್ ಭಾಷೆಯಲ್ಲಿ ಮೊದಲ ಪದಕ್ಕೆ ಸೀಳು ಎಂದೂ ಎರಡನೆಯದಕ್ಕೆ ಚಿತ್ತವೆಂದೂ ಅರ್ಥ. ಈ ಹೆಸರಿನಿಂದಲೇ ದೊಡ್ಡದೊಂದು ತಪ್ಪು ತಿಳಿವಳಿಕೆ ಹುಟ್ಟಿತು. ಒಬ್ಬನಲ್ಲಿಯೇ ಇಬ್ಬರು ಮನುಷ್ಯರು ವಾಸಿಸುತ್ತಾರೆಂದು ಜನ ಭಾವಿಸಿದರು, ಸಿನಿಮಾದವರು ಅದನ್ನು ಬೆಳೆಸಿದರು. ಬ್ಲಾಯ್ಲರನ ಅಭಿಪ್ರಾಯ ಅದಾಗಿರಲಿಲ್ಲ. ಆಲೋಚನೆ, ಭಾವ, ನಡವಳಿಕೆಗಳು ಒಂದಕ್ಕೊಂದು ಹೆಣೆದುಕೊಂಡು ನಡೆಯಬೇಕಾದಲ್ಲಿ ಆ ಹೆಣಿಗೆ ಸಡಿಲುತ್ತದೆ ಎಂಬುದೇ ಆತನ ಮಾತಿನ ತಾತ್ಪರ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಸುಮಾರು 300 ಮಂದಿಗೆ ಒಬ್ಬರನ್ನು ಈ ರೋಗ ಹಿಡಿದಿದೆ. ಹದಿನೆಂಟು ಇಪ್ಪತ್ತರಿಂದ ಮೂವತ್ತರೊಳಗೆ, ಓದು ಮುಗಿಸಿ ಕೆಲಸ ಹಿಡಿಯುವ, ಮದುವೆಯ ಮಾತು ಬರುವ ವಯಸ್ಸಿನಲ್ಲಿಯೇ ಅದು ಹೆಚ್ಚಾಗಿ ತಲೆದೋರುವುದು. ಮನೆಯವರ ಆಸೆಗಳೆಲ್ಲ ಚಿಗುರಿ ನಿಂತ ಹೊತ್ತಿಗೇ ಬೀಳುವ ಪೆಟ್ಟು ಅದು.

1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಎಂಬುವರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಮುಂದೆ ಮಾನಸಿಕ ಆಸ್ಪತ್ರೆಗಳ ಚರಿತ್ರೆಯೇ ತಿರುಗಿತು. ಸಂಕೋಲೆ ಕಳಚಿತು, ಬಾಗಿಲು ತೆರೆಯಿತು, ಸಹಸ್ರಾರು ಜನ ಮನೆಗೆ ಮರಳಿದರು. ಮನೆಗೆ ಮರಳಿದ ಮೇಲೆಯೇ ಇನ್ನೊಂದು ಸಂಗತಿ ಬೆಳಕಿಗೆ ಬಂದದ್ದು. ಧ್ವನಿಗಳು ನಿಂತಿದ್ದರೂ, ಭ್ರಮೆಗಳು ಕಳೆದಿದ್ದರೂ, ಅನೇಕರಿಗೆ ನಾಲ್ಕು ಜನರ ನಡುವೆ ಕುಳಿತು ಬಾಳುವುದು ಕಷ್ಟವಾಗಿಯೇ ಉಳಿಯಿತು. ಕೆಲಸ ಸಿಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಸ್ನೇಹ ಕುದುರುತ್ತಿತ್ತು, ಬೆಳೆಯುತ್ತಿರಲಿಲ್ಲ. ಎದುರಿನವರ ಮುಖಭಾವವನ್ನು ಗುರುತಿಸುವುದು, ಅವರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವುದು, ಒಂದು ಘಟನೆಗೆ ಯಾರು ಕಾರಣರೆಂದು ತೀರ್ಮಾನಿಸುವುದು, ಈ ಮೂರನ್ನೂ ಸೇರಿಸಿ ವಿದ್ವಾಂಸರು ಸಾಮಾಜಿಕ ಗ್ರಹಿಕೆ ಎಂದು ಕರೆದರು. ಕೊರತೆ ಇರುವುದು ಇಲ್ಲಿ.

ಮುಖಭಾವದ ವಿಷಯವನ್ನೇ ಮೊದಲು ತೆಗೆದುಕೊಳ್ಳಬಹುದು. ಅಮೆರಿಕದ ಪಾಲ್ ಎಕ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದ ಕೊನೆಯಲ್ಲಿ ನ್ಯೂಗಿನಿಯ ಬೆಟ್ಟಸೀಮೆಗೆ ಹೋಗಿ, ಹೊರಲೋಕದ ಸಂಪರ್ಕ ಬಹಳ ಕಡಿಮೆಯಿದ್ದ ಫೋರೆ ಎಂಬ ಜನಕ್ಕೆ ಭಾವಚಿತ್ರಗಳನ್ನು ತೋರಿಸಿ ಪರೀಕ್ಷಿಸಿದ. ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಆಶ್ಚರ್ಯ ಎಂಬ ಆರು ಭಾವಗಳನ್ನು ಮುಖದ ಮೇಲೆ ಮನುಷ್ಯಕುಲವೆಲ್ಲ ಗುರುತಿಸಬಲ್ಲುದು ಎಂಬುದು ಆತನ ಸಿದ್ಧಾಂತ. ಸಂದರ್ಭವನ್ನು ಬಿಟ್ಟು ಮುಖವನ್ನಷ್ಟೇ ನೋಡಿ ಭಾವವನ್ನು ಹೇಳಲಾಗದೆಂದು ಅದನ್ನು ಆಕ್ಷೇಪಿಸಿದವರೂ ಉಂಟು.

ಕನ್ನಡದ ಓದುಗರಿಗೆ ಈ ಪಟ್ಟಿ ತೀರ ಹೊಸದೆಂದು ತೋರದು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಬರುವ ಸ್ಥಾಯಿಭಾವಗಳು ಎಂಟು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಇವುಗಳಿಂದ ರತಿ, ಉತ್ಸಾಹಗಳನ್ನು ತೆಗೆದರೆ ಉಳಿಯುವುದು ಹೆಚ್ಚುಕಡಮೆ ಎಕ್‌ಮನ್ನನ ಆರೇ. ಭರತನು ಅಷ್ಟಕ್ಕೆ ನಿಲ್ಲಲಿಲ್ಲ. ಬಂದುಹೋಗುವ ಮೂವತ್ತಮೂರು ಸಂಚಾರಿ ಭಾವಗಳನ್ನು ಹೇಳಿದ. ಹುಬ್ಬು, ಕಣ್ಣುಗುಡ್ಡೆ, ರೆಪ್ಪೆ, ಮೂಗು, ಕೆನ್ನೆ, ತುಟಿ, ಗದ್ದಗಳ ಒಂದೊಂದು ಚಲನೆಯನ್ನೂ ಬೇರೆಬೇರೆಯಾಗಿ ವಿಂಗಡಿಸಿ ಯಾವುದಕ್ಕೆ ಯಾವ ಭಾವವೆಂದು ಸೂಚಿಸಿದ. ಭಾವವನ್ನು ತೋರುವುದನ್ನು ಅಭ್ಯಾಸದಿಂದ ಕಲಿಯಬಹುದೆಂಬುದು ಈ ದೇಶದ ನಟರಿಗೆ ಬಹಳ ಹಿಂದಿನಿಂದಲೂ ಗೊತ್ತು. ಭಾವವನ್ನು ಓದುವುದನ್ನೂ ಅದೇ ರೀತಿಯಲ್ಲಿ ಕಲಿಯಬಹುದೇ ಎಂಬುದು ಈಗಿನ ಪ್ರಶ್ನೆ.

ಸ್ಕಿಜೋಫ್ರೇನಿಯಾ ಇರುವವರಿಗೆ ಭಾವಚಿತ್ರಗಳನ್ನು ತೋರಿಸಿ ನಡೆಸಿದ ಪರೀಕ್ಷೆಗಳು ಅನೇಕ ದೇಶಗಳಲ್ಲಿ ನಡೆದಿವೆ. ಅವುಗಳಿಂದ ಹೊರಬಂದ ಫಲ ಸ್ಥೂಲವಾಗಿ ಹೀಗಿದೆ: ಸಂತೋಷವನ್ನು ಅವರು ಬಹುಮಟ್ಟಿಗೆ ಸರಿಯಾಗಿ ಗುರುತಿಸುತ್ತಾರೆ, ಭಯ, ಕೋಪ, ದುಃಖಗಳಲ್ಲಿ ಹೆಚ್ಚು ಎಡವುತ್ತಾರೆ, ಯಾವ ಭಾವವೂ ಇಲ್ಲದ ಮುಖದಲ್ಲಿ ಸಿಟ್ಟನ್ನೋ ಬೆದರಿಕೆಯನ್ನೋ ಕಾಣುವುದುಂಟು. ನೋಟದ ಜಾಡನ್ನು ಅಳೆಯುವ ಯಂತ್ರಗಳಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಮುಖ ನೋಡುವಾಗ ಸಾಮಾನ್ಯವಾಗಿ ಜನರ ದೃಷ್ಟಿ ಕಣ್ಣು, ಮೂಗು, ಬಾಯಿಗಳ ನಡುವೆ ತ್ರಿಕೋನವಾಗಿ ಓಡಾಡುತ್ತದೆ. ಈ ರೋಗವುಳ್ಳವರ ದೃಷ್ಟಿ ಅಷ್ಟು ಓಡಾಡದೆ, ಭಾವ ಬರೆದಿರುವ ಈ ಜಾಗಗಳಲ್ಲಿ ಕಡಿಮೆ ಹೊತ್ತು ನಿಲ್ಲುತ್ತದೆ. ಓಲೆ ಎದುರಿಗಿದ್ದರೂ, ಕಣ್ಣು ಅಕ್ಷರದ ಮೇಲೆ ಬೀಳದೆ ಅಂಚಿನಲ್ಲಿ ಸುತ್ತಿದಂತೆ.

ಈ ಕೆಲಸದಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಎಂದು ಹೆಸರಾದ ಸಂಸ್ಥೆಯಾಯಿತು. ಅಲ್ಲಿನ ವೈದ್ಯರ ಮುಂದೆ ಒಂದು ತೊಡಕು ನಿಂತಿತ್ತು. ಭಾವವನ್ನು ಗುರುತಿಸುವ ಶಕ್ತಿಯನ್ನು ಅಳೆಯಲು ಬಳಕೆಯಲ್ಲಿದ್ದ ಚಿತ್ರಗಳು ಹೆಚ್ಚಾಗಿ ಪಾಶ್ಚಾತ್ಯರ ಮುಖಗಳವು. ಚಾಮರಾಜನಗರದ ರೈತನೊಬ್ಬ ಅಮೆರಿಕದವನ ಮುಖದಲ್ಲಿ ಅಸಹ್ಯವನ್ನು ಗುರುತಿಸದೆಹೋದರೆ ಅದು ರೋಗದ ಫಲವೋ, ಪರಿಚಯವಿಲ್ಲದ ಮುಖದ ಫಲವೋ ಹೇಳುವುದು ಹೇಗೆ? ಆದುದರಿಂದ ಅಲ್ಲಿ ಋಷಿಕೇಶ ಬೆಹೆರೆ, ಜಿ. ವೆಂಕಟಸುಬ್ರಮಣ್ಯನ್, ಬಿ. ಎನ್. ಗಂಗಾಧರ್ ಮೊದಲಾದವರು ಭಾರತೀಯ ನಟನಟಿಯರಿಂದಲೇ ಆರು ಭಾವಗಳನ್ನೂ ನಿರ್ಭಾವವನ್ನೂ ಅಭಿನಯಿಸಿಸಿ, ನಿಂತ ಚಿತ್ರಗಳನ್ನೂ ಚಲಿಸುವ ಚಿತ್ರಗಳನ್ನೂ ತೆಗೆಸಿ, ಟ್ರೆಂಡ್ಸ್ ಎಂಬ ಅಳತೆಗೋಲೊಂದನ್ನು ಸಿದ್ಧಪಡಿಸಿ 2008ರಲ್ಲಿ ಪ್ರಕಟಿಸಿದರು. ತರುಣರ ಮುಖದ ಜೊತೆಗೆ ವಯಸ್ಸಾದವರ ಮುಖವೂ ಅದರಲ್ಲಿ ಸೇರಿತು. ಚಲಿಸುವ ಚಿತ್ರವನ್ನು ಸೇರಿಸಿದ್ದು ವಿಶೇಷ. ಏಕೆಂದರೆ ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಯಾರ ಮುಖವೂ ಫೋಟೋದಂತೆ ನಿಂತಿರುವುದಿಲ್ಲ.

ಮುಖದಿಂದ ಮುಂದಿನ ಹೆಜ್ಜೆ ಮನಸ್ಸು. ಎದುರಿನವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಊಹಿಸುವ ಶಕ್ತಿಯನ್ನು ಸಣ್ಣ ಕಥೆಗಳಿಂದ ಅಳೆಯುವುದು ರೂಢಿ. ಮಾದರಿಗೆ ಇಂಥ ಒಂದು ಕಥೆ: ಅಕ್ಕ ಬೆಲ್ಲದ ಅಚ್ಚನ್ನು ಗಡಿಗೆಯಲ್ಲಿಟ್ಟು ಬಾವಿಗೆ ಹೋದಳು. ತಮ್ಮ ಅದನ್ನು ತೆಗೆದು ನೆಲುವಿನ ಮೇಲಿಟ್ಟ. ಮರಳಿ ಬಂದ ಅಕ್ಕ ಬೆಲ್ಲವನ್ನು ಮೊದಲು ಎಲ್ಲಿ ಹುಡುಕುತ್ತಾಳೆ? ಗಡಿಗೆಯಲ್ಲಿ ಎಂದು ಹೇಳುವವನು ಅಕ್ಕನ ಮನಸ್ಸಿನಲ್ಲಿ ನಿಂತು ನೋಡಬಲ್ಲ. ನೆಲುವಿನ ಮೇಲೆ ಎನ್ನುವವನು ತನಗೆ ಗೊತ್ತಿರುವುದೇ ಎಲ್ಲರಿಗೂ ಗೊತ್ತೆಂದು ತಿಳಿದಿದ್ದಾನೆ. ಇಂಥ ಕಥೆಗಳಿಂದ ಹಿಡಿದು, ವ್ಯಂಗ್ಯವನ್ನೂ ಬಾಯಿತಪ್ಪಿ ಆಡಿದ ಮಾತನ್ನೂ ಗ್ರಹಿಸುವ ಜಟಿಲ ಪ್ರಸಂಗಗಳವರೆಗೆ ಭಾರತದ ಬಾಳಿಗೆ ಒಗ್ಗುವಂತೆ ಮಾರ್ಪಡಿಸಿ, ನಿಮ್ಹಾನ್ಸಿನ ಊರ್ವಕ್ಷ ಮೆಹತಾ, ಜಗದೀಶ ತೀರ್ಥಳ್ಳಿ ಮೊದಲಾದವರು 2011ರಲ್ಲಿ ಸಾಕ್ರಟಿಸ್ ಎಂಬ ಪರೀಕ್ಷೆಗಳ ಕಟ್ಟನ್ನು ಹೊರತಂದರು. ರೋಗದ ಕಾವು ಇಳಿದು ಗುಣಮುಖರಾದವರಲ್ಲಿಯೂ ಈ ಗ್ರಹಿಕೆಯ ಕೊರತೆ ಉಳಿದಿರುತ್ತದೆಂದು ಇದೇ ಬಗೆಯ ಪರೀಕ್ಷೆಗಳಿಂದ ಅವರು ಕಂಡುಕೊಂಡರು. ಮಂಡಕಳ್ಳಿಯ ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಮೂರನೆಯದು ತೀರ್ಮಾನದ ಆತುರ. ಇದನ್ನು ತೋರಿಸುವ ಪ್ರಯೋಗವೊಂದು ಇಂಗ್ಲೆಂಡಿನಲ್ಲಿ 1980ರ ದಶಕದ ಕೊನೆಯಿಂದ ಪ್ರಸಿದ್ಧವಾಯಿತು. ಎರಡು ಜಾಡಿಗಳು, ಒಂದರಲ್ಲಿ ಕೆಂಪು ಮಣಿಗಳು 85, ನೀಲಿ 15, ಇನ್ನೊಂದರಲ್ಲಿ ನೀಲಿ 85, ಕೆಂಪು 15. ಜಾಡಿಗಳನ್ನು ಮರೆಮಾಡಿ, ಒಂದರಿಂದಲೇ ಮಣಿಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾರೆ. ಇದು ಯಾವ ಜಾಡಿ ಎಂದು ನಿಶ್ಚಯವಾದಾಗ ಹೇಳಬೇಕು. ಹೆಚ್ಚಿನವರು ಹಲವು ಮಣಿಗಳನ್ನು ನೋಡಿ ಹೇಳುತ್ತಾರೆ. ಭ್ರಮೆಗಳುಳ್ಳ ರೋಗಿಗಳಲ್ಲಿ ಅನೇಕರು ಒಂದೋ ಎರಡೋ ಮಣಿ ಕಂಡೊಡನೆ ತೀರ್ಪು ಕೊಟ್ಟುಬಿಡುತ್ತಾರೆ. ದಿನಸಿ ಅಂಗಡಿಯಲ್ಲಿ ನಡೆದದ್ದೂ ಅದೇ ಅಲ್ಲವೇ? ಯಜಮಾನನ ಗಂಟಿಕ್ಕಿದ ಹುಬ್ಬು ಒಂದು ಮಣಿ. ಗಿರಾಕಿಗಳ ನಗೆ ಇನ್ನೊಂದು ಮಣಿ. ಎರಡರಿಂದಲೇ ಜಾಡಿ ಯಾವುದೆಂದು ಹುಡುಗ ನಿರ್ಧರಿಸಿಬಿಟ್ಟ.

ಇನ್ನು ಪಾಠದ ವಿಚಾರ. ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ವೋಲ್ಫ್‌ಗಾಂಗ್ ವೋಲ್ವರ್ ಎಂಬಾತನೂ ಸಂಗಡಿಗರೂ ರೂಪಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದ ಕ್ರಮ ಬಹಳ ಸರಳವಾದದ್ದು. ಇಬ್ಬರು ರೋಗಿಗಳು, ಒಬ್ಬ ಶಿಕ್ಷಕ. ಆರು ವಾರಗಳಲ್ಲಿ ಹನ್ನೆರಡು ಪಾಠ. ಮೊದಲ ಘಟ್ಟದಲ್ಲಿ ಮುಖವನ್ನು ಬಿಡಿಬಿಡಿಯಾಗಿ ನೋಡುವುದು. ಕೋಪದಲ್ಲಿ ಹುಬ್ಬುಗಳು ಒಳಕ್ಕೆ ಸೇರಿ ಕೆಳಗಿಳಿಯುತ್ತವೆ, ತುಟಿಗಳು ಬಿಗಿಯುತ್ತವೆ; ಭಯದಲ್ಲಿ ಹುಬ್ಬುಗಳು ಮೇಲೇರುತ್ತವೆ, ಕಣ್ಣಿನ ಬಿಳಿ ಹೆಚ್ಚು ಕಾಣುತ್ತದೆ; ದುಃಖದಲ್ಲಿ ಹುಬ್ಬಿನ ಒಳತುದಿಗಳು ಎತ್ತಿಕೊಂಡು ತುಟಿಯ ಕೊನೆಗಳು ಜೋಲುತ್ತವೆ. ಇವನ್ನು ಕಣ್ಣಿನಿಂದ ಕಾಣುವುದು ಸಾಲದು. ಬಾಯಿಬಿಟ್ಟು ಹೇಳಬೇಕು, ತನ್ನ ಮುಖದಲ್ಲಿಯೂ ತಂದುಕೊಂಡು ನೋಡಬೇಕು. ಎರಡನೆಯ ಘಟ್ಟದಲ್ಲಿ ಇಡೀ ಮುಖವನ್ನು ಒಂದೇ ನೋಟದಲ್ಲಿ ಹಿಡಿಯುವುದು, ಮೆಲ್ಲಗೆ ಸುಳಿದು ಮಾಯವಾಗುವ ಭಾವವನ್ನು ಗುರುತಿಸುವುದು. ಮೂರನೆಯದರಲ್ಲಿ ಮುಖವನ್ನು ಸಂದರ್ಭದಲ್ಲಿಟ್ಟು ನೋಡುವುದು: ಈತ ಎಲ್ಲಿದ್ದಾನೆ, ಯಾರೊಡನೆ ಇದ್ದಾನೆ, ಈಗತಾನೇ ಏನು ನಡೆಯಿತು? ಅಕ್ಷರ, ಪದ, ವಾಕ್ಯ ಎಂಬ ಕ್ರಮದಲ್ಲಿ ಮಗು ಓದು ಕಲಿಯುವುದಕ್ಕೂ ಇದಕ್ಕೂ ಭೇದವಿಲ್ಲ.

ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಡೇವಿಡ್ ಪೆನ್ ಮತ್ತು ಅವನ ಸಹೋದ್ಯೋಗಿಗಳು ರಚಿಸಿದ ಇನ್ನೊಂದು ಕ್ರಮದಲ್ಲಿ ಕೆಲವರು ಗುಂಪಾಗಿ ಕುಳಿತು ವಾರಕ್ಕೊಮ್ಮೆಯಂತೆ ಸುಮಾರು 20 ವಾರ ಕಲಿಯುತ್ತಾರೆ. ಭಾವಗಳನ್ನು ಗುರುತಿಸುವುದರಿಂದ ಆರಂಭಿಸಿ, ಕಂಡದ್ದು ಯಾವುದು ಊಹಿಸಿದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸಕ್ಕೆ ಬರುತ್ತಾರೆ. 'ಯಜಮಾನರ ಹುಬ್ಬು ಗಂಟಿಕ್ಕಿತ್ತು' ಎಂಬುದು ಕಂಡದ್ದು. 'ನನ್ನ ಮೇಲೆ ಸಿಟ್ಟು' ಎಂಬುದು ಊಹೆ. ಹುಬ್ಬು ಗಂಟಿಕ್ಕಲು ಇನ್ನೇನು ಕಾರಣವಿರಬಹುದು? ನೋವು, ಲೆಕ್ಕದ ತಪ್ಪು, ಮನೆಯ ಚಿಂತೆ, ಕಣ್ಣಿಗೆ ಬಿಸಿಲು. ಒಂದೇ ಸಂಗತಿಗೆ ನಾಲ್ಕು ಕಾರಣ ಹುಡುಕುವುದನ್ನು ಆಟದಂತೆ ಆಡಿಸುತ್ತಾರೆ. ಕೊನೆಯ ಘಟ್ಟದಲ್ಲಿ, ಅನುಮಾನ ಬಂದಾಗ ಅದನ್ನು ಒಳಗೇ ಬೆಳೆಸದೆ, ಎದುರಿನವರನ್ನು ವಿನಯದಿಂದ ಕೇಳಿ ತಿಳಿಯುವುದು ಹೇಗೆಂಬ ಪಾಠ.

ನಿಮ್ಹಾನ್ಸಿನಲ್ಲಿ ನಡೆದ ಒಂದು ಪ್ರಯೋಗದ ದಾರಿ ಇವೆರಡಕ್ಕಿಂತ ಬೇರೆ. ಔಷಧದಿಂದ ಸ್ಥಿರವಾದ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಯೋಗಾಭ್ಯಾಸ, ಇನ್ನೊಂದಕ್ಕೆ ಅಂಗಸಾಧನೆ, ಮೂರನೆಯದಕ್ಕೆ ಎಂದಿನ ಔಷಧ ಮಾತ್ರ ಎಂದು ಗೊತ್ತುಮಾಡಿದರು. ಮೂರು ಗುಂಪಿನವರೂ ಔಷಧವನ್ನು ಬಿಡಲಿಲ್ಲ. ಎರಡು ತಿಂಗಳಿಗೂ ನಾಲ್ಕು ತಿಂಗಳಿಗೂ ಪರೀಕ್ಷಿಸಿದಾಗ ಯೋಗ ಮಾಡಿದವರಲ್ಲಿ ಮುಖಭಾವವನ್ನು ಗುರುತಿಸುವ ಶಕ್ತಿ ಹೆಚ್ಚಿತ್ತು. ಇದು 2011ರಲ್ಲಿ ಪ್ರಕಟವಾಯಿತು. ಆಸನ, ಪ್ರಾಣಾಯಾಮಗಳಿಗೂ ಮುಖ ಓದುವುದಕ್ಕೂ ಏನು ನಂಟು ಎಂದು ಕೇಳಬಹುದು. ತಾಯಿಮಕ್ಕಳ ಮಮತೆಯೊಡನೆ ಸಂಬಂಧವಿರುವ ಆಕ್ಸಿಟೋಸಿನ್ ಎಂಬ ಸ್ರಾವ ಯೋಗಾಭ್ಯಾಸದಿಂದ ಹೆಚ್ಚುತ್ತದೆಯೇ ಎಂದು ಅದೇ ಸಂಸ್ಥೆಯವರು ಮುಂದೆ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಆ ಸಣ್ಣ ಅಧ್ಯಯನ ಹೌದೆಂಬ ಕಡೆಗೆ ಬೆರಳು ತೋರಿಸಿತು. ಇಷ್ಟರಿಂದ ಯೋಗವೊಂದೇ ಸಾಕು, ಮಾತ್ರೆ ಬೇಡ ಎಂದು ಯಾರಾದರೂ ಹೊರಟರೆ ಅದು ಅಪಾಯದ ದಾರಿ. ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಬಲವಾದದ್ದು.

ಈ ಪಾಠಗಳಿಂದ ಎಷ್ಟು ಲಾಭವಾದೀತು? ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುವುದು ಇಷ್ಟು: ಭಾವವನ್ನು ಗುರುತಿಸುವ ಶಕ್ತಿ ಅಭ್ಯಾಸದಿಂದ ನಿಶ್ಚಯವಾಗಿ ಹೆಚ್ಚುತ್ತದೆ, ಪರರ ಮನಸ್ಸನ್ನು ಊಹಿಸುವ ಶಕ್ತಿಯೂ ಸ್ವಲ್ಪ ಹೆಚ್ಚುತ್ತದೆ, ಧ್ವನಿ ಕೇಳಿಸುವುದು, ಭ್ರಮೆ ಮುಂತಾದವುಗಳ ಮೇಲೆ ಪರಿಣಾಮ ಅಲ್ಪ. ಕೊಠಡಿಯಲ್ಲಿ ಕಲಿತದ್ದನ್ನು ಅಂಗಡಿಗೆ, ಮದುವೆಯ ಮನೆಗೆ, ಬಸ್ಸಿಗೆ ಒಯ್ಯುವುದು ಮಾತ್ರ ಸುಲಭವಲ್ಲ. ಈಜನ್ನು ನೆಲದ ಮೇಲೆ ಕಲಿತವನನ್ನು ನೀರಿಗೆ ಇಳಿಸಿದಂತೆ ಆಗುವುದುಂಟು. ಆದುದರಿಂದಲೇ ಆಸ್ಪತ್ರೆಯ ಪಾಠದ ಜೊತೆಗೆ ಕೆಲಸದ ತರಬೇತಿಯನ್ನೂ ಮನೆಯ ಅಭ್ಯಾಸವನ್ನೂ ಸೇರಿಸಬೇಕೆಂದು ವೈದ್ಯರು ಹೇಳುತ್ತಾರೆ. ಮನೆಯವರಿಗೂ ಒಂದು ಪಾಠವಿದೆಯೆಂಬುದನ್ನು ಇಲ್ಲಿ ಮರೆಯಬಾರದು.

ರೋಗಿ ಪರರ ಮುಖವನ್ನು ತಪ್ಪಾಗಿ ಓದುತ್ತಾನೆ ನಿಜ. ಅವನ ಮುಖವನ್ನು ಪರರು ಸರಿಯಾಗಿ ಓದುತ್ತಾರೆಯೇ? ಈ ರೋಗದಲ್ಲಿ ಅನೇಕರ ಮುಖ ಭಾವವಿಲ್ಲದೆ ಬರಿದಾಗಿ ಕಾಣುತ್ತದೆ. ಅಕ್ಕನ ಮಗುವನ್ನು ತಂದು ಕೈಗಿತ್ತರೂ ನಗುವಿಲ್ಲ. ಹಬ್ಬದ ಊಟಕ್ಕೆ ಕುಳಿತರೂ ಗೆಲುವಿಲ್ಲ. ಸಾವಿನ ಸುದ್ದಿ ಬಂದರೂ ಕಣ್ಣೀರಿಲ್ಲ. ಮನೆಯವರು ಕಲ್ಲುಮನಸ್ಸು ಎಂದು ನೊಂದುಕೊಳ್ಳುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಆನ್ ಕ್ರಿಂಗ್ ಎಂಬ ಮನಶ್ಶಾಸ್ತ್ರಜ್ಞೆ ಇಂಥವರಿಗೆ ನಗಿಸುವ, ಅಳಿಸುವ, ಹೆದರಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿದಳು. ಅವರ ಮುಖಗಳು ಇತರರ ಮುಖಗಳಷ್ಟು ಅಲುಗಲಿಲ್ಲ. ಆದರೆ ಒಳಗೆ ಏನನ್ನಿಸಿತೆಂದು ಕೇಳಿದಾಗ, ಇತರರು ಹೇಳಿದಷ್ಟೇ ಸಂತೋಷವನ್ನೂ ದುಃಖವನ್ನೂ ಅವರೂ ಹೇಳಿದರು. ಒಳಗೆ ಓಲೆ ಬರೆದೇ ಇತ್ತು; ಹೊರಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಎಷ್ಟೋ ವರ್ಷ ಒಂದೇ ಸೂರಿನಡಿ ಬಾಳಿದ ತಾಯಿ, ತಂದೆ, ಒಡಹುಟ್ಟಿದವರು ಆ ಬರಿದಾದ ಮುಖವನ್ನು ನೋಡಿ ಇವನಿಗೆ ಏನೂ ಅನ್ನಿಸುವುದಿಲ್ಲವೆಂದು ತೀರ್ಮಾನಿಸಿದ್ದರೆ, ಅವರೂ ಒಂದೇ ಮಣಿಯನ್ನು ನೋಡಿ ಜಾಡಿ ಯಾವುದೆಂದು ಹೇಳಿದವರೇ ಅಲ್ಲವೇ?

ಮನೆಯವರನ್ನು ಚಿಕಿತ್ಸೆಯೊಳಕ್ಕೆ ತರುವುದು ಈ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಎಂಬುವರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಅಂಗಳದಲ್ಲಿಯೇ ಡೇರೆ ಹಾಕಿಸಿ ಉಳಿಸಿಕೊಂಡು, ರೋಗಿಯ ಆರೈಕೆಯನ್ನು ಅವರಿಗೂ ಕಲಿಸಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳಿದರು. ಈ ಕಡೆಯ ಅನುಭವವೂ ಅದಕ್ಕೆ ಪೂರಕವಾಗಿಯೇ ಇದೆ. ನಿಮ್ಹಾನ್ಸಿನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಇಂಥ ರೋಗಿಗಳನ್ನು ಅವರವರ ಊರಿನಲ್ಲಿಯೇ ಗುರುತಿಸಿ ಚಿಕಿತ್ಸೆ ಕೊಡುತ್ತ ಬಂದಾಗ, ಚಿಕಿತ್ಸೆ ಪಡೆದವರ ಬಾಳುವ ಸಾಮರ್ಥ್ಯ ಪಡೆಯದವರಿಗಿಂತ ಮೇಲಾದದ್ದನ್ನು ಕಂಡರು. ದೊಡ್ಡ ಆಸ್ಪತ್ರೆಯ ಗೋಡೆಗಳೊಳಗೆ ಮಾತ್ರ ಆಗುವ ಕೆಲಸ ಇದಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವೇನೂ ಅಲ್ಲ. ಮುಖದಲ್ಲಿರುವುದನ್ನು ಮಾತಿನಲ್ಲಿಯೂ ಹೇಳುವುದು ಮೊದಲನೆಯದು: 'ನನಗೆ ತಲೆನೋವು, ಅದಕ್ಕೇ ಸುಮ್ಮನಿದ್ದೇನೆ, ನಿನ್ನ ಮೇಲೆ ಸಿಟ್ಟಿಲ್ಲ' ಎಂದು ತಾಯಿ ಅಂದರೆ ಮಗನ ಒಂದು ಇರುಳಿನ ನಿದ್ರೆ ಉಳಿಯುತ್ತದೆ. ಅವನ ಮುಖವನ್ನು ನಂಬದೆ ಅವನನ್ನೇ ಕೇಳುವುದು ಎರಡನೆಯದು. ಅವನ ಎದುರಿಗೆ ಕಣ್ಸನ್ನೆ, ಪಿಸುಮಾತುಗಳನ್ನು ಬಿಡುವುದು ಮೂರನೆಯದು. ಟೆಲಿವಿಷನ್ನಿನ ಧಾರಾವಾಹಿಯನ್ನು ಒಟ್ಟಿಗೆ ಕುಳಿತು ನೋಡುವಾಗ ಸದ್ದು ಅಡಗಿಸಿ, ಈ ಮುಖದಲ್ಲಿ ಏನಿದೆ, ಯಾತರಿಂದ ಹಾಗೆ ತೋರಿತು ಎಂದು ಮಾತಾಡಿಕೊಳ್ಳುವುದೂ ಒಂದು ಒಳ್ಳೆಯ ಅಭ್ಯಾಸವೇ. ತಪ್ಪು ಹೇಳಿದನೆಂದು ನಗಬಾರದು. ನಗೆಯನ್ನೇ ಹೀಯಾಳಿಕೆಯಾಗಿ ಓದುವವನಿಗೆ ಆ ಒಂದು ನಗೆ ಸಾಕು, ಮಾಡಿದ್ದೆಲ್ಲ ಕೆಡಲು.

ಮೈಸೂರಿನ ಸುತ್ತಿನವರು ಇದಕ್ಕಾಗಿ ಬೆಂಗಳೂರಿನವರೆಗೆ ಓಡಬೇಕೆಂಬುದೇನಿಲ್ಲ. ನಗರದ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾನಸಿಕ ರೋಗವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆ ಪಡೆಯುವುದನ್ನು ಪ್ರಜೆಯ ಹಕ್ಕೆಂದು ಸಾರಿದೆ. ಕಾಯಿದೆ ಬಾಗಿಲನ್ನು ತೆರೆಯಬಹುದು. ಒಳಗೆ ಬಂದವನ ಮುಖವನ್ನು ಸಹನೆಯಿಂದ ನೋಡುವ ಕೆಲಸ ಮನುಷ್ಯರದೇ.

ಮಂಡಕಳ್ಳಿಯ ಆ ಹುಡುಗ ಮರಳಿ ಅಂಗಡಿಗೆ ಹೋದನೇ? ಹೋಗಿರಬಹುದು. ತಾಯಿಯೂ ವೈದ್ಯರೂ ಕೆಲವು ವಾರ ಅವನೊಡನೆ ಕುಳಿತಿದ್ದರೆ, ಅಂಗಡಿಯ ಯಜಮಾನ ಸ್ವಲ್ಪ ತಾಳ್ಮೆಯವನಾಗಿದ್ದರೆ, ಒಂದು ದಿನ ಅಲ್ಲಿ ಇಂಥ ಮಾತುಕತೆ ನಡೆದಿರಬಹುದು.

"ಅಣ್ಣ, ತಪ್ಪು ತಿಳಿಯಬೇಡಿ. ಬೆಳಗಿನಿಂದ ನನ್ನ ಮೇಲೆ ಸಿಟ್ಟಾಗಿದ್ದೀರಾ?"

"ನಿನ್ನ ಮೇಲೆ ನನಗೇನು ಸಿಟ್ಟು ಮಾರಾಯ? ಈ ಹಾಳು ಮಂಡಿ ಇರುಳೆಲ್ಲ ನಿದ್ದೆ ಕೊಡಲಿಲ್ಲ. ಆ ಸ್ಟೂಲು ಇತ್ತ ಎಳಿ."

ಹುಡುಗ ಸ್ಟೂಲನ್ನು ಎಳೆದುಕೊಟ್ಟು ಲೆಕ್ಕದ ಪುಸ್ತಕವನ್ನು ತೆರೆದಿರಬಹುದು. ಅವನ ಮುಖದಲ್ಲಿ ಆಗಲೂ ಏನೂ ಕಾಣದೆ ಇರಬಹುದು. ಆದರೆ ಅಂದು ಸಂಜೆಯವರೆಗೂ ಅವನು ಅಂಗಡಿಯಲ್ಲಿಯೇ ಇದ್ದನೆಂಬುದು ತಾಯಿಗೆ ಸಾಕು.